ಊರಿನ ಮನೆಯಲ್ಲಿ ಅಮ್ಮ ಒಬ್ಬರೇ: ಯಾವ ಕ್ಯಾಮೆರಾ ಹಾಕಿಸಬೇಕು?

ಶಿವಮೊಗ್ಗದ ಕಡೆಯ ಸ್ನೇಹಿತರು ಮದುವೆ ಮನೆಯಲ್ಲಿ ಸಿಕ್ಕರೂ ಫೋನಿನಲ್ಲಿ ಸಿಕ್ಕರೂ ಈಚೆಗೆ ನನ್ನನ್ನು ಕೇಳುವ ಪ್ರಶ್ನೆ ಒಂದೇ: "ಅಮ್ಮ ಊರಲ್ಲಿ ಒಬ್ಬರೇ ಇದ್ದಾರೆ, ನಾವೆಲ್ಲ ಬೆಂಗಳೂರಿನಲ್ಲಿ. ಮನೆಗೊಂದು ಕ್ಯಾಮೆರಾ ಹಾಕಿಸೋಣ ಅಂತಿದ್ದೇವೆ, ಯಾವುದು ಒಳ್ಳೆಯದು?" ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ಹಳೆಯ ಮನೆಯಲ್ಲಿ 81 ವರ್ಷದ ದೊಡ್ಡಮ್ಮ ಒಬ್ಬರೇ ಇರುವುದರಿಂದ, ಮತ್ತು ಅಲ್ಲಿ ಕ್ಯಾಮೆರಾ ಇಟ್ಟು ಮೂರು ಮಳೆಗಾಲ ಕಳೆದಿರುವುದರಿಂದ, ನನ್ನ ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ನಾನು ಕಂಪನಿಯ ಹೆಸರಿನಿಂದ ಶುರು ಮಾಡುವುದಿಲ್ಲ. ಅಮ್ಮ ನೆಲದ ಮೇಲೆ ಬಿದ್ದಿರುವುದು ನಿಮ್ಮ ಫೋನಿನಲ್ಲಿ ಕಂಡರೆ, ಹತ್ತು ನಿಮಿಷದೊಳಗೆ ಆ ಮನೆಯ ಬಾಗಿಲಿಗೆ ಹೋಗಿ ನಿಲ್ಲುವವರು ಯಾರು ಎಂದು ಮೊದಲು ಕೇಳುತ್ತೇನೆ. ಈ ಪ್ರಶ್ನೆಯನ್ನು ನನಗೆ ಕಲಿಸಿದವರು ದೊಡ್ಡಮ್ಮನೇ. ಕ್ಯಾಮೆರಾದ ಪೆಟ್ಟಿಗೆ ಬಿಚ್ಚುತ್ತಿದ್ದಾಗ ಅವರು ಪಕ್ಕದಲ್ಲಿ ಕುಳಿತು, "ಅಲ್ಲ ಮಾರಾಯ, ನಾನು ಬಿದ್ದದ್ದನ್ನು ನೀನು ಅಲ್ಲಿ ಕೂತು ನೋಡಿ ಏನು ಮಾಡ್ತೀಯ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ನಮ್ಮಲ್ಲಿ ಪಕ್ಕದ ಮನೆ ಕೂಗಳತೆಯಲ್ಲಿಲ್ಲ. ತೋಟ ಇಳಿದು, ಹಳ್ಳದ ಸಂಕ (ಕಾಲುಸೇತುವೆ) ದಾಟಿ, ಗದ್ದೆಯ ಅಂಚಿನ ಮೇಲೆ ನಡೆಯಬೇಕು. ಅಂದು ಸಂಜೆಯೇ ಆ ಪಕ್ಕದ ಮನೆಗೆ ಹೋಗಿ ವಿಷಯ ತಿಳಿಸಿ ಹಿಂಬಾಗಿಲಿನ ಬೀಗದ ಕೀಲಿ ಕೊಟ್ಟು ಬಂದೆ. ಆದರೆ ರಾತ್ರಿ ಒಳಗಿನಿಂದ ಅಗುಳಿ ಹಾಕಿಕೊಂಡರೆ ಕೀಲಿ ಇದ್ದೂ ಉಪಯೋಗವಿಲ್ಲ ಎಂಬುದು ಆಮೇಲೆ ಹೊಳೆಯಿತು. ಆರು ದಶಕಗಳ ಅಭ್ಯಾಸವನ್ನು ಬಿಟ್ಟು, ಆ ಬಾಗಿಲಿಗೆ ಹೊರಗಿನಿಂದಲೂ ತೆರೆಯಬಹುದಾದ ಬೀಗ ಹಾಕಿಸಲು ದೊಡ್ಡಮ್ಮ ಒಪ್ಪಿದ್ದು ನಮ್ಮ ಇಡೀ ಏರ್ಪಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದ ಸಂಗತಿ.

ಕ್ಯಾಮೆರಾ ಯಾವ ಕಡೆಗೆ ಮುಖ ಮಾಡಬೇಕೆಂಬುದನ್ನು ತೀರ್ಮಾನಿಸಬೇಕಾದವರು ಆ ಮನೆಯಲ್ಲಿ ಇರುವವರು. ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತಲ್ಲ, ಆ ಪ್ರಕರಣದ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು, 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ವಯಸ್ಸಾದವರಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಅಮ್ಮನಿಗೆ ಹೇಳದೆ ಮೂಲೆಯಲ್ಲಿ ಅಡಗಿಸಿಡಬಹುದೇ ಎಂದು ಕೇಳಿದವರಿಗೆ ನಾನು ಬೇಡ ಎಂದೇ ಹೇಳಿದ್ದೇನೆ.

ನಮ್ಮ ಮನೆಯಲ್ಲಿ ದೊಡ್ಡಮ್ಮ ಮಲಗುವ ಕೋಣೆಯನ್ನೂ ದೇವರ ಕೋಣೆಯನ್ನೂ ಬೇಡವೆಂದರು, ನಡುಮನೆಗೆ ಒಪ್ಪಿದರು. ಅವರು ಊಟದ ನಂತರ ನಡುಮನೆಯ ಕಿಟಕಿಯ ಬಳಿ ಕುಳಿತು ತಲೆ ಬಾಚಿಕೊಳ್ಳುತ್ತಾರೆ. ಆ ಹೊತ್ತಿಗೆ ಕ್ಯಾಮೆರಾದ ಮೇಲೊಂದು ಬೈರಾಸು (ಟವೆಲ್) ಬೀಳುತ್ತದೆ, ಜಡೆ ಹೆಣೆದು ಮುಗಿದ ಮೇಲೆ ಅವರೇ ಅದನ್ನು ತೆಗೆಯುತ್ತಾರೆ. ಮಸೂರವನ್ನು ಒಳಕ್ಕೆ ತಿರುಗಿಸಿ ಮುಚ್ಚಿಕೊಳ್ಳುವ ಸೌಲಭ್ಯ ಈಗಿನ ಹಲವು ಕ್ಯಾಮೆರಾಗಳಲ್ಲಿದೆ, ಆದರೆ ಅದನ್ನು ನಡೆಸುವುದು ಫೋನಿನಿಂದ, ಎಂದರೆ ನಮ್ಮ ಕೈಯಿಂದ. ಬೈರಾಸು ಇರುವುದು ಅವರ ಕೈಯಲ್ಲಿ. ಹಾಗಾಗಿ ಕ್ಯಾಮೆರಾವನ್ನು ಅವರ ಕೈಗೆ ಎಟುಕುವ ಎತ್ತರದಲ್ಲೇ ಇಡಿ.

ಹಿರಿಯರು ಹೆಚ್ಚಾಗಿ ಜಾರಿ ಬೀಳುವ ಜಾಗಗಳಲ್ಲೊಂದು ಬಚ್ಚಲುಮನೆ, ಅಲ್ಲಿ ಕ್ಯಾಮೆರಾ ಇಡುವಂತಿಲ್ಲ. ಇದ್ದುದರಲ್ಲಿ ಒಳ್ಳೆಯ ಉಪಾಯವೆಂದರೆ ನಡುಮನೆಯಿಂದ ಬಚ್ಚಲಿಗೂ ಅಡುಗೆಮನೆಗೂ ಹೋಗುವ ದಾರಿ ಕಾಣುವಂತೆ ಇಡುವುದು. ಹೋದವರು ತಿರುಗಿ ಬಂದರೇ ಎಂಬುದಷ್ಟು ತಿಳಿದರೆ ಸಾಕು. ಬಚ್ಚಲಿನೊಳಗೆ ಹಿಡಿದುಕೊಳ್ಳಲು ಸ್ಟೀಲಿನ ಹಿಡಿಕೆ, ಮಳೆಗಾಲದಲ್ಲಿ ಬೆವರುವ ರೆಡ್ ಆಕ್ಸೈಡ್ ನೆಲದ ಮೇಲೆ ಜಾರದ ಮ್ಯಾಟು, ಕುತ್ತಿಗೆಗೆ ಹಾಕಿಕೊಂಡು ಆಪತ್ತಿನಲ್ಲಿ ಒತ್ತಿ ಸಹಾಯ ಕೇಳುವ ಎಸ್‌ಒಎಸ್ ಗುಂಡಿ, ಇವಕ್ಕೆ ಹಣ ತೆಗೆದಿಟ್ಟ ಮೇಲೆ ಉಳಿದದ್ದರಲ್ಲಿ ಕ್ಯಾಮೆರಾ ಕೊಳ್ಳಿ.

ಇನ್ನು ಮಲೆನಾಡಿನ ನಿಜವಾದ ತೊಡಕಾದ ಕರೆಂಟು ಮತ್ತು ನೆಟ್ಟಿನ ವಿಷಯ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ನಮ್ಮ ತಾಲ್ಲೂಕಿನಲ್ಲೇ ಇದೆ. ಗಾಳಿಮಳೆಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಎರಡು ದಿನ ಕತ್ತಲೆ, ಅದೇ ಕಂಬದ ಮೇಲೆ ಬಂದ ಫೈಬರ್ ಕೇಬಲ್ಲೂ ಕಡಿದು ಹೋಗಿರುತ್ತದೆ. ಎಷ್ಟು ಸ್ಪಷ್ಟವಾಗಿ ಕಾಣುವ ಕ್ಯಾಮೆರಾ ತಂದರೂ ರೂಟರ್ ಆರಿದ ಮರುಕ್ಷಣ ಅದು ಕುರುಡು. ರೂಟರ್ ಮತ್ತು ಕ್ಯಾಮೆರಾ ಎರಡೂ ಸೇರಿ 15ರಿಂದ 20 ವಾಟ್ ಎಳೆಯುತ್ತವೆ, ಮನೆಯ ಇನ್ವರ್ಟರಿಗೆ ಅದು ದೊಡ್ಡ ಹೊರೆಯಲ್ಲ. ಆದ್ದರಿಂದ ಇವೆರಡರ ಪ್ಲಗ್ಗನ್ನು ಇನ್ವರ್ಟರ್ ಲೈನಿಗೇ ಕೊಡಿಸಿ. ಇನ್ವರ್ಟರ್ ಇಲ್ಲದಿದ್ದರೆ ರೂಟರಿಗೆಂದೇ ಸಿಗುವ 12 ವೋಲ್ಟಿನ ಚಿಕ್ಕ ಯುಪಿಎಸ್ ಎರಡು ಮೂರು ಗಂಟೆ ತಡೆಯುತ್ತದೆ. ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಲು ಹೇಳಿಕೊಡಿ. ಮೊದಲ ವರ್ಷದ ಮುಂಗಾರಿಗೂ ಮುನ್ನ ಬಂದ ಸಿಡಿಲಿಗೆ ನಮ್ಮ ರೂಟರ್, ಅಡಾಪ್ಟರ್ ಎರಡೂ ಸುಟ್ಟುಹೋದವು.

ಫೈಬರ್ ಇಲ್ಲದ ಮನೆಗಳಿಗೆ ಸಿಮ್ ಹಾಕುವ 4ಜಿ ಕ್ಯಾಮೆರಾ ಸಿಗುತ್ತದೆ. ಅದನ್ನು ಕೊಳ್ಳುವ ಮೊದಲು ಲೆಕ್ಕ ಹಾಕಿ: ಸೆಕೆಂಡಿಗೆ 2 ಮೆಗಾಬಿಟ್‌ನಂತೆ ಚಿತ್ರ ಕಳುಹಿಸಿದರೆ ಗಂಟೆಗೆ ಸುಮಾರು 900 ಎಂಬಿ, ದಿನವಿಡೀ ಬಿಟ್ಟರೆ 21 ಜಿಬಿಗೂ ಹೆಚ್ಚು. ದಿನಕ್ಕೆ 2 ಜಿಬಿಯ ಪ್ಯಾಕಿನಲ್ಲಿ ಇದು ನಡೆಯುವುದಿಲ್ಲ. ಆದ್ದರಿಂದ ರೆಕಾರ್ಡಿಂಗ್ ಕ್ಯಾಮೆರಾದೊಳಗಿನ ಮೆಮೊರಿ ಕಾರ್ಡಿನಲ್ಲೇ ಆಗಲಿ, ನೆಟ್ಟಿನ ಮೇಲೆ ಬರುವುದು ನೀವು ತೆರೆದು ನೋಡಿದಾಗ ಮಾತ್ರ. ಸೆಕೆಂಡಿಗೆ 1 ಮೆಗಾಬಿಟ್‌ನ ಗುಣಮಟ್ಟದಲ್ಲಿ 128 ಜಿಬಿಯ ಕಾರ್ಡು ಹತ್ತು ಹನ್ನೊಂದು ದಿನದ ಚಿತ್ರ ಹಿಡಿಯುತ್ತದೆ, ತುಂಬಿದ ಮೇಲೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. ಹೀಗೆ ಎಡೆಬಿಡದೆ ಬರೆಯುವುದಕ್ಕೆಂದೇ ಮಾಡಿದ ಹೈ ಎಂಡ್ಯೂರೆನ್ಸ್ ಕಾರ್ಡನ್ನೇ ಕೇಳಿ ತನ್ನಿ.

ವೈಫೈ ಕ್ಯಾಮೆರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್‌ನಲ್ಲೇ ಕೆಲಸ ಮಾಡುತ್ತವೆ, ನಮ್ಮ ಜಂಬಿಟ್ಟಿಗೆ ಕಲ್ಲಿನ ದಪ್ಪ ಗೋಡೆಗಳಿಗೆ ಅದೇ ವಾಸಿ, ಏಕೆಂದರೆ 5 ಗಿಗಾಹರ್ಟ್ಸ್‌ನ ಸಿಗ್ನಲ್ ಗೋಡೆ ದಾಟುವಾಗ ಇನ್ನೂ ಬೇಗ ಸೋಲುತ್ತದೆ. ಉಳಿದ ಗುಣಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಚಿತ್ರದ ಸ್ಪಷ್ಟತೆ 1080ಪಿ ಇದ್ದರೆ ಸಾಕು, ಕತ್ತಲೆಯಲ್ಲೂ ಕಾಣಬೇಕು, ಎರಡೂ ಕಡೆಯಿಂದ ಮಾತನಾಡುವ ಅನುಕೂಲ ಇರಲಿ. ಜಗಲಿಯ ಹೊರಗೆ ಇಡುವುದಾದರೆ ಧೂಳು, ನೀರು ತಡೆಯುತ್ತದೆ ಎಂಬುದರ ಗುರುತಾದ ಐಪಿ66 ಎಂದು ಬರೆದಿರುವುದನ್ನು ನೋಡಿ ಕೊಳ್ಳಿ. ಒಳಗಿಡುವಂಥ, ಈ ಗುಣಗಳಿರುವ ಕ್ಯಾಮೆರಾ ಎರಡರಿಂದ ನಾಲ್ಕು ಸಾವಿರ ರೂಪಾಯಿಯೊಳಗೆ ಸಿಗುತ್ತದೆ.

ಅಲುಗಾಟ ಕಂಡರೆ ಫೋನಿಗೆ ಸುದ್ದಿ ಕಳುಹಿಸುವ ಸೌಲಭ್ಯವನ್ನು ಎಲ್ಲರೂ ಮೊದಲ ದಿನವೇ ಹಚ್ಚಿಕೊಳ್ಳುತ್ತಾರೆ. ಆದರೆ ರಾತ್ರಿ ಕ್ಯಾಮೆರಾದ ಇನ್‌ಫ್ರಾರೆಡ್ ದೀಪದ ಬಳಿ ಹುಳು ಸುಳಿಯುತ್ತವೆ, ಹುಳುವಿಗಾಗಿ ಜೇಡ ಬಂದು ಮಸೂರದ ಮುಂದೆಯೇ ಬಲೆ ನೇಯುತ್ತದೆ. ಮೊದಲ ಮಳೆ ಬಿದ್ದು ರೆಕ್ಕೆಹುಳುಗಳು ಎದ್ದ ಒಂದು ರಾತ್ರಿ ನನಗೆ ನೂರಕ್ಕೂ ಹೆಚ್ಚು ಸುದ್ದಿ ಬಂದವು, ಮರುದಿನ ನಾನು ಬೇಸತ್ತು ಅದನ್ನು ನಿಲ್ಲಿಸಿಬಿಟ್ಟಿದ್ದೆ. ನಿಲ್ಲಿಸಬಾರದಿತ್ತು, ಮನುಷ್ಯರ ಆಕಾರ ಕಂಡಾಗ ಮಾತ್ರ ತಿಳಿಸುವಂತೆ ಬದಲಿಸಬೇಕಿತ್ತು. ಈಗ ಹಾಗೆ ಮಾಡಿದ್ದೇನೆ. ಬೆಳಿಗ್ಗೆ ಏಳೂವರೆಯೊಳಗೆ ದೊಡ್ಡಮ್ಮ ನಡುಮನೆಯಲ್ಲಿ ಓಡಾಡಿದ ಸುದ್ದಿ ಬಂದಿದೆಯೇ ಎಂದು ನೋಡುತ್ತೇನೆ, ಬಂದಿದ್ದರೆ ಚಿತ್ರವನ್ನು ತೆರೆಯುವುದೂ ಇಲ್ಲ. ಬರದಿದ್ದರೆ ಮೊದಲು ಫೋನು, ಆಮೇಲೆ ಕ್ಯಾಮೆರಾ, ಆಮೇಲೆ ಪಕ್ಕದ ಮನೆ. ಮುನ್ಸೂಚನೆಯಿಲ್ಲದೆ ಕ್ಯಾಮೆರಾದ ಮೂಲಕ ಮಾತನಾಡಬೇಡಿ. ಯಾರೂ ಇಲ್ಲದ ಮನೆಯಲ್ಲಿ ಬೆನ್ನ ಹಿಂದೆ ಧ್ವನಿ ಕೇಳಿದರೆ ಹಿರಿಯರು ಬೆಚ್ಚಿ ಎಡವುತ್ತಾರೆ.

ಪಾಸ್‌ವರ್ಡಿನ ಮಾತನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶವು ಕಾರ್ಖಾನೆಯಲ್ಲಿ ಕೊಟ್ಟ ಪಾಸ್‌ವರ್ಡನ್ನು ಬದಲಿಸದೆ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡಿತ್ತು. ಹೊಸ ಪಾಸ್‌ವರ್ಡ್ ಹಾಕಿ, ಒಟಿಪಿ ಕೇಳುವ ಎರಡನೇ ಹಂತವನ್ನೂ ಹಚ್ಚಿ, ಅಣ್ಣ ತಮ್ಮಂದಿರಿಗೆ ಪಾಸ್‌ವರ್ಡ್ ಹೇಳುವ ಬದಲು ಆ್ಯಪಿನಲ್ಲಿ ಬೇರೆ ಬೇರೆ ಖಾತೆಗಳಿಗೆ ಅನುಮತಿ ಕೊಡಿ. ನಮ್ಮಲ್ಲಿ ನೋಡುವವರು ಮೂವರು ಮಾತ್ರ, ಆ ಮೂವರು ಯಾರು ಎಂಬುದು ದೊಡ್ಡಮ್ಮನಿಗೆ ಗೊತ್ತು.

ಕ್ಯಾಮೆರಾದ ಕೆಳಗಿನ ಗೋಡೆಗೆ ದಪ್ಪ ಅಕ್ಷರದಲ್ಲಿ ಬರೆದ ಒಂದು ರಟ್ಟು ಅಂಟಿಸಿದ್ದೇವೆ: ಪಕ್ಕದ ಮನೆಯ ನಂಬರು, ಪೇಟೆಯ ಆಟೋದವರ ನಂಬರು, ಆಂಬುಲೆನ್ಸಿಗೆ 108, ಹಿರಿಯರ ಸಹಾಯವಾಣಿ 14567. ಎಲ್ಲಕ್ಕಿಂತ ಕೆಳಗೆ ದೊಡ್ಡಮ್ಮ ತಮ್ಮದೇ ಅಕ್ಷರದಲ್ಲಿ, ತಾವು ತೆಗೆದುಕೊಳ್ಳುವ ಬಿಪಿ ಮಾತ್ರೆಯ ಹೆಸರನ್ನೂ ಅದನ್ನಿಟ್ಟ ಡಬ್ಬಿ ಯಾವ ಗೂಡಿನಲ್ಲಿದೆ ಎಂಬುದನ್ನೂ ಬರೆದಿದ್ದಾರೆ, ಬಾಗಿಲು ತೆರೆದು ಬರುವವರಿಗೆಂದು.