ಅಸ್ಸಿಸಿಯ ಕಿಟಕಿ

ರೋಮಿನಿಂದ ಹೊರಟ ರೈಲು ಅಸ್ಸಿಸಿಗೆ ಬಂದರೂ ಊರು ಬಂದಿರಲಿಲ್ಲ. ಸ್ಟೇಷನ್ ಕೆಳಗೆ ಬಯಲಲ್ಲಿ, ಊರು ಮೇಲೆ ಸುಬಾಸಿಯೊ ಬೆಟ್ಟದ ಓರೆಯಲ್ಲಿ. ಬಸ್ಸು ಹತ್ತಿದೆವು. ನಮ್ಮೂರ ಚರ್ಚಿನಲ್ಲಿ ಇದ್ದವರೆಲ್ಲ ಕಂದು ನಿಲುವಂಗಿಯ ಕಪುಚಿನ್ ಫಾದರುಗಳೇ, ಇದೇ ಅಸ್ಸಿಸಿಯ ಸಂತ ಫ್ರಾನ್ಸಿಸರ ಹಾದಿ ಹಿಡಿದ ಸನ್ಯಾಸಿಗಳು. ಹಾಗಾಗಿ ಸಂತ ಫ್ರಾನ್ಸಿಸರ ಕಥೆ ನನಗೂ ಅಕ್ಕನಿಗೂ ಬಾಯಿಪಾಠ. ಗೊತ್ತಿರುವ ಕಥೆಯೇ ತಾನೆ ಎಂಬ ಉಡಾಫೆ ನನ್ನಲ್ಲಿತ್ತು.

ಪೋರ್ತಾ ನುವೋವಾ ಬಾಗಿಲಿನಿಂದ ಆಲಿವ್ ತೋಪುಗಳ ನಡುವೆ ಇಳಿದರೆ ಸಾನ್ ದಾಮಿಯಾನೊ. ಸಣ್ಣ ಗುಡಿ, ಹೊಗೆ ಹಿಡಿದ ಕಮಾನು. 1205ರ ಆಸುಪಾಸಿನಲ್ಲಿ ಬಟ್ಟೆ ವ್ಯಾಪಾರಿಯ ಮಗ ಫ್ರಾನ್ಸಿಸ್ ಇಲ್ಲಿನ ಶಿಲುಬೆಯ ಮುಂದೆ ಮೊಣಕಾಲೂರಿದಾಗ, ಪಾಳುಬಿದ್ದ ನನ್ನ ಮನೆಯನ್ನು ರಿಪೇರಿ ಮಾಡು ಎಂಬ ದನಿ ಕೇಳಿಸಿತಂತೆ. ನಾನೂ ಮೊಣಕಾಲೂರಿ ಐದು ನಿಮಿಷ ಕಣ್ಣು ಮುಚ್ಚಿದೆ. ಎದ್ದ ಮೇಲೆ ತಿಳಿಯಿತು, ಇದು ಪ್ರತಿ; ಅಸಲಿ ಶಿಲುಬೆ ಮೇಲೆ ಊರಿನ ಸಾಂತಾ ಕಿಯಾರಾ ಚರ್ಚಿನಲ್ಲಿದೆ. ಅಕ್ಕ ನಕ್ಕಳು. "ದೇವರಿಗೇನು ವಿಳಾಸ ತಪ್ಪುತ್ತದೇನೋ?"

ನನ್ನನ್ನು ಹಿಡಿದು ನಿಲ್ಲಿಸಿದ್ದು ಶಿಲುಬೆಯಲ್ಲ, ಗೋಡೆಯಲ್ಲಿದ್ದ ಪುಟ್ಟ ಕಿಟಕಿ. ದನಿ ಕೇಳಿದವನು ಮಾಡಿದ ಮೊದಲ ಕೆಲಸವೇನು? ಅಪ್ಪನ ಅಂಗಡಿಯ ಬಟ್ಟೆ ಹೊತ್ತು ಫೊಲಿಞೊಗೆ ಹೋಗಿ ಮಾರಿದ, ಜೊತೆಗೆ ಕುದುರೆಯನ್ನೂ. ಆ ಹಣ ತಂದು ಗುಡಿಯ ಪಾದ್ರಿಗೆ ಕೊಡಹೋದ. ಅಪ್ಪನಿಗೆ ಹೆದರಿ ಪಾದ್ರಿ ಬೇಡವೆಂದಾಗ ಕಿಟಕಿಯ ಗೂಡಿಗೆ ಎಸೆದ. ಆ ಗೂಡು ಇದೇ ಎಂದು ತೋರಿಸುತ್ತಾರೆ. ನೇರವಾಗಿ ಹೇಳಿದರೆ ಅದು ಕದ್ದ ಹಣ. ದೇವರ ಮಾತು ಕೇಳಿಯೂ ಎಡವಿದ ಈ ಹುಡುಗನ ಮೇಲೆ ನನಗೆ ಮೊದಲ ಸಲ ಪ್ರೀತಿ ಹುಟ್ಟಿತು. ನಾನೂ ಒಂದು ಧ್ಯಾನಕೂಟದಲ್ಲಿ ಬಿಕ್ಕಿ ಬಿಕ್ಕಿ ಅತ್ತು, ಹೊಸ ಮನುಷ್ಯನಾದೆ ಅಂದುಕೊಂಡು ಮನೆಗೆ ಬಂದವನೇ. ಸೋಮವಾರ ಬೆಳಿಗ್ಗೆ ಹಾಲಿನವನ ಜೊತೆ ಐದು ರೂಪಾಯಿಗೆ ಜಗಳ.

ಮುಂದೆ ಬಿಷಪ್ಪರ ಎದುರು ಫ್ರಾನ್ಸಿಸ್ ಹಣದ ಜೊತೆ ಮೈಮೇಲಿನ ಬಟ್ಟೆಯನ್ನೂ ಕಳಚಿ ಅಪ್ಪನಿಗೆ ಕೊಟ್ಟದ್ದು ಎಲ್ಲರಿಗೂ ಗೊತ್ತು. ಆಮೇಲೆ ಊರೊಳಗೆ ಕಲ್ಲು ಬೇಡಿ, ಹೊತ್ತು ತಂದು ಈ ಗೋಡೆ ಎಬ್ಬಿಸಿದ. ವಿಚಿತ್ರವೆಂದರೆ, 1226ರಲ್ಲಿ ಸಾಯುವ ಮುನ್ನ ಬರೆಸಿದ 'ಒಡಂಬಡಿಕೆ' ಎಂಬ ಕೊನೆಯ ಮಾತುಗಳ ಬರಹದಲ್ಲಿ ಆತ ಶುರುಮಾಡುವುದು ಈ ದನಿಯಿಂದಲ್ಲ, ಕುಷ್ಠರೋಗಿಗಳಿಂದ. ಅವರನ್ನು ನೋಡುವುದೇ ಕಹಿಯಾಗಿತ್ತು, ದೇವರೇ ನನ್ನನ್ನು ಅವರ ನಡುವೆ ಕರೆದೊಯ್ದ, ಕಹಿ ಸಿಹಿಯಾಯಿತು ಎನ್ನುತ್ತಾನೆ.

ಸಂಜೆ ದೊಡ್ಡ ಬೆಸಿಲಿಕಾ ಚರ್ಚಿನಲ್ಲಿ ಆತನ ಅಂಗಿ ನೋಡಿದೆವು. ಬಟ್ಟೆ ವ್ಯಾಪಾರಿಯ ಮಗನ ಅಂಗಿಗೆ ತೇಪೆಯ ಮೇಲೆ ತೇಪೆ. ಅಕ್ಕ ಮೂವತ್ತು ವರ್ಷದಿಂದ ಟೈಲರಿಂಗ್ ಮಾಡುವವಳು. ಗಾಜಿನ ಹತ್ತಿರ ಬಗ್ಗಿ, "ಎಲ್ಲ ಒಂದೇ ಥಾನಿನ ಬಟ್ಟೆಯಲ್ಲ ಕಣೋ" ಅಂದಳು. ಬೆರಳು ಮಡಚುತ್ತ ತೇಪೆ ಎಣಿಸಿದಳು. ಹಿಂದಿನವರು ನೂಕಿದ್ದಕ್ಕೆ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಶುರುಮಾಡಿದಳು.