ಎಸಿಬೇಡ, ದೂಡು

ಹೈಸ್ಕೂಲಿನ ಮೂರು ವರ್ಷ ನನ್ನ ಕುತ್ತಿಗೆಯ ಬಲಬದಿಯಲ್ಲಿ, ದವಡೆಯ ಕೆಳಗೆ, ಒಂದು ತುಕ್ಕಿನ ಕಲೆ ಇತ್ತು. ಸೋಪು ಹಾಕಿದ್ರೆ ಹೋಗ್ತಿರ್ಲಿಲ್ಲ. ಮನೆಯಲ್ಲಿ ಯಾರದಾದ್ರೂ ಮದುವೆ ಬಂತು ಅಂದ್ರೆ ಹಿಂದಿನ ದಿನ ಅಮ್ಮ ನನ್ನನ್ನು ಬಾವಿಕಟ್ಟೆ ಹತ್ರ ಕೂರಿಸಿ ತೆಂಗಿನ ನಾರು ಹಾಕಿ ತಿಕ್ಕುವುದು, ಚರ್ಮ ಕೆಂಪಾಗುವಷ್ಟು, ಮತ್ತೆ "ಉಂದು ದಾನೆ (ಇದೇನು), ಹೆಣ್ಣು ಮಕ್ಕಳ ಕುತ್ತಿಗೆಯಾ ಇದು, ಬಾವಿಯ ರಾಟೆಯಾ" ಅಂತ ಬೈಯುವುದು.

ಅದು ನಮ್ಮ ಶಾಲೆಯ 4 ಕೆಜಿ ಶಾಟ್‌ಪುಟ್ ಗುಂಡಿನ ತುಕ್ಕು. ಸ್ಪೋರ್ಟ್ಸ್ ರೂಮಲ್ಲಿ ಹುಡುಗಿಯರಿಗೆ ಅಂತ ಇದ್ದದ್ದು ಅದೊಂದೇ. ಮಳೆಗಾಲ ಕಳೆದು ರೂಮಿನ ಬಾಗಿಲು ತೆಗೆದಾಗ ಅದು ಕಾವಿ ಮೆತ್ತಿದ ಹಾಗೆ ಕೆಂಪು ಆಗಿರ್ತಿತ್ತು, ಪಿಟಿ ಮಾಷ್ಟ್ರು ಒಂದು ಸಲ ಮರಳು ಕಾಗದ ಹಾಕಿ ಉಜ್ಜಿ ಕಪ್ಪು ಪೇಂಟ್ ಹೊಡೆಸಿದ್ರು, ಎರಡು ತಿಂಗಳಲ್ಲಿ ಪೇಂಟ್ ಎಲ್ಲ ನನ್ನ ಕುತ್ತಿಗೆಗೆ ಬಂತು.

ನಾನು ಎಂಟನೇ ಕ್ಲಾಸಿಗೆ ಸೇರಿದ್ದು 1989ರಲ್ಲಿ. ಆಗಲೇ ಕ್ಲಾಸಲ್ಲಿ ಎಲ್ಲರಿಗಿಂತ ದೊಡ್ಡವಳು, ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು, ಡ್ಯಾನ್ಸಿಗೆ ಬೇಡ, ನಾಟಕದಲ್ಲಿ ಕೊಟ್ರೆ ರಾಕ್ಷಸನ ಪಾರ್ಟು. ಒಂದು ದಿನ ಹಾಲಿಂದ ಬೆಂಚು ಸಾಗಿಸ್ಲಿಕ್ಕೆ ಇತ್ತು, ಎರಡೆರಡು ಜನ ಹಿಡೀತಿದ್ರು, ನನ್ನ ಜೊತೆಗಿದ್ದವಳು ಎಲ್ಲಿಗೋ ಓಡಿದ್ಲು, ನಾನು ಒಬ್ಬಳೇ ಬೆಂಚನ್ನು ತಲೆಮೇಲೆ ಇಟ್ಕೊಂಡು ಹೋದೆ, ಮಾಷ್ಟ್ರು ನೋಡಿದ್ರು. ಸಂಜೆ ಗ್ರೌಂಡಿಗೆ ಬಾ ಅಂದ್ರು. ಅಷ್ಟೇ ನನ್ನ ಸೆಲೆಕ್ಷನ್.

ಗುಂಡೆಸೆತ ಅಂತ ಕನ್ನಡದಲ್ಲಿ ಹೆಸರಿಟ್ಟವರು ಯಾರೋ, ಅವರು ಗುಂಡು ಮುಟ್ಟಿದವರಲ್ಲ ಅಂತ ನನ್ನ ಅಭಿಪ್ರಾಯ. ಗುಂಡು ಎಸೆಯುವುದಲ್ಲ, ದೂಡುವುದು. ಮೊದಲ ವಾರ ಪೂರ್ತಿ ನಾನು ಮಾವಿನಕಾಯಿಗೆ ಕಲ್ಲು ಹೊಡೆದ ಹಾಗೆ ಬೀಸ್ತಿದ್ದೆ, ಮಾಷ್ಟ್ರು ಆ ತುದಿಯಿಂದ "ಎಸಿಬೇಡ ಮಾರಾಯ್ತಿ, ದೂಡು, ದೂಡು" ಅಂತ ಕಿರುಚ್ತಿದ್ರು, ಯಾಕಂದ್ರೆ ಕೈ ಹೆಗಲಿಂದ ಹಿಂದೆ ಹೋದ್ರೆ ಒಂದು ಫೌಲ್, ಇನ್ನೊಂದು ಮೊಣಕೈ ಕೆಲಸ ಮುಗಿದ ಹಾಗೆ. ಗುಂಡು ಅಂಗೈಯಲ್ಲಿ ಕೂರಬಾರದು, ಬೆರಳಿನ ಬುಡದಲ್ಲಿ ಕೂರಬೇಕು, ಕುತ್ತಿಗೆಗೆ ಅಂಟಿಕೊಂಡಿರಬೇಕು, ಬಿಡುವಾಗ ಕೊನೆಗೆ ಮುಟ್ಟುವುದು ಬೆರಳ ತುದಿ. ಶಕ್ತಿ ಬಲ ಕಾಲಿಂದ ಹೊರಟು ಸೊಂಟ ತಿರುಗಿ ಎದೆಗೆ ಬಂದು ಆಮೇಲೆ ಕೈಗೆ. ಕೈ ಕಡೆಯದು. ನೋಡುವವರಿಗೆ ಕೈ ಮಾತ್ರ ಕಾಣ್ತದೆ.

ಇದನ್ನು ಮನೆಯಲ್ಲಿ ಹೇಳಿದ್ದಕ್ಕೆ ಅಮ್ಮ ನಕ್ಕಿದ್ಲು. ಅಮ್ಮ ಬೀಡಿ ಕಟ್ತಿದ್ಲು, ಮಡಿಲಲ್ಲಿ ಸೂಪು (ಮೊರ), ಬೆರಳು ಓಡಿದ್ದೇ ಕಾಣದಷ್ಟು ಸ್ಪೀಡು. ಬೀಡಿ ಕೂಡ ಅಂಗೈಯಲ್ಲಿ ಆಗುವುದಿಲ್ಲ, ಬೆರಳಿನ ತುದಿಯದ್ದೇ ಕೆಲಸ ಅಂದ್ಲು. ಎಷ್ಟೋ ವರ್ಷದ ಮೇಲೆ ಒಂದು ಕಡೆ ಓದಿದೆ, ಹೆಂಗಸರ ಶಾಟ್‌ಪುಟ್ ಒಲಿಂಪಿಕ್ಸಿಗೆ ಬಂದದ್ದೇ 1948ರ ಲಂಡನ್ನಲ್ಲಿ, ಮೊದಲ ಚಿನ್ನ ಗೆದ್ದ ಫ್ರಾನ್ಸಿನ ಮಿಶಲಿನ್ ಒಸ್ಟರ್‌ಮೇಯರ್ ಅನ್ನುವವಳು ಪಿಯಾನೋ ಕಛೇರಿ ಕೊಡುವವಳು ಅಂತೆ, ಡಿಸ್ಕಸ್ಸಿನ ಚಿನ್ನವೂ ಅವಳಿಗೇ, ಹೈಜಂಪಲ್ಲಿ ಕಂಚು. ಓದಿದ ಕೂಡಲೇ ನನಗೆ ನೆನಪಾದದ್ದು ಅಮ್ಮನ ಬೆರಳು.

ನಮ್ಮ ಸರ್ಕಲ್ ಬಗ್ಗೆ ಹೇಳ್ಬೇಕು. ರೂಲ್ಸ್ ಪ್ರಕಾರ ಅಡ್ಡಳತೆ 2.135 ಮೀಟರ್. ಮಾಷ್ಟ್ರು ಮೊಳೆ ಹೊಡೆದು ಹಗ್ಗ ಕಟ್ಟಿ ಗೀರಿ ಸುಣ್ಣದ ಪುಡಿ ಹಾಕ್ತಿದ್ರು, ಒಂದು ಮಳೆ ಬಂದ್ರೆ ಸರ್ಕಲ್ ಇಲ್ಲ, ಪುನಃ ಮೊಳೆ ಪುನಃ ಹಗ್ಗ. ಎದುರಿಗೆ ಕಾಲು ತಡೆಯಲಿಕ್ಕೆ ಇರಬೇಕಾದ ಸ್ಟಾಪ್ ಬೋರ್ಡಿಗೆ ಬದಲು ಅಡಿಕೆ ಮರದ ತುಂಡು ಹೂತಿದ್ರು. ನಿಜವಾದ ಬೋರ್ಡು ಸರ್ಕಲ್ ಜೊತೆಗೆ ಬಾಗಿರ್ತದೆ ಅಂತ ನನಗೆ ಗೊತ್ತಾದದ್ದು ಹತ್ತನೇ ಕ್ಲಾಸಲ್ಲಿ. ಸ್ಪೋರ್ಟ್ಸ್ ರೂಮಿನ ಬಾಗಿಲ ಒಳಬದಿಯಲ್ಲಿ ಮಾಷ್ಟ್ರು ಚಾಕ್‌ಪೀಸಲ್ಲಿ 22.63 ಅಂತ ಬರೆದಿದ್ರು. ಸೋವಿಯತ್ ರಷ್ಯಾದ ನತಾಲ್ಯಾ ಲಿಸೊವ್‌ಸ್ಕಾಯಾ 1987ರಲ್ಲಿ ಮಾಸ್ಕೋದಲ್ಲಿ ಹಾಕಿದ ವರ್ಲ್ಡ್ ರೆಕಾರ್ಡು, ಇವತ್ತಿಗೂ ಅದೇ ರೆಕಾರ್ಡು. "ಇದರ ಅರ್ಧ ಹಾಕು ಸಾಕು, ನಿನಗೆ ಬನ್ಸ್ ಕೊಡಿಸ್ತೇನೆ" ಅಂತಿದ್ರು. ಅರ್ಧ ಅಂದ್ರೆ ಹನ್ನೊಂದು ಮೀಟರಿಗಿಂತ ಮೇಲೆ. ನಾನು ಆಗ ಎಂಟು ದಾಟಿದ್ರೆ ಹಬ್ಬ.

ಹತ್ತನೇ ಕ್ಲಾಸಲ್ಲಿ ತಾಲೂಕು ಗೆದ್ದು ಜಿಲ್ಲೆಗೆ ಹೋದೆ. ಆಗ ಉಡುಪಿ ಬೇರೆ ಜಿಲ್ಲೆ ಆಗಿರ್ಲಿಲ್ಲ, ಅದು ಆದದ್ದು 1997ರಲ್ಲಿ, ಹಾಗಾಗಿ ಜಿಲ್ಲೆ ಅಂದ್ರೆ ಮಂಗಳೂರು, ಮಂಗಳಾ ಸ್ಟೇಡಿಯಂ. ಬೆಳಿಗ್ಗೆ ಎಕ್ಸ್‌ಪ್ರೆಸ್ ಬಸ್ಸಲ್ಲಿ ಮಾಷ್ಟ್ರು, ನಾನು, ಮತ್ತೆ ಉದ್ದ ಜಿಗಿತದ ಇಬ್ಬರು ಹುಡುಗರು, ಲೇಡಿಹಿಲ್ಲಲ್ಲಿ ಇಳಿದು ನಡೆದದ್ದು. ಗುಂಡು ನನ್ನ ಬ್ಯಾಗಲ್ಲಿ, ಕಂಡಕ್ಟರ್ ಬ್ಯಾಗ್ ಎತ್ತಿ ಮೇಲೆ ಇಡ್ಲಿಕ್ಕೆ ನೋಡಿ "ಎಂಥ ಮಾರಾಯ್ತಿ, ಕಡೆಯುವ ಕಲ್ಲು ತಂದಿದ್ದೀಯಾ" ಅಂದ.

ಮೊದಲ ಎರಡು ಸಲ ಸಾಧಾರಣ ಹೋಯ್ತು. ಮೂರನೇ ಸಲ ಏನಾಯ್ತು ಅಂತ ಈಗ್ಲೂ ಬಿಡಿಸಿ ಹೇಳ್ಲಿಕ್ಕೆ ಬರುವುದಿಲ್ಲ, ಕಾಲು ಜಾರಿದ್ದು ಸರಿಯಾಗಿ ಜಾರಿತು, ಸೊಂಟ ತಾನಾಗಿ ತಿರುಗಿತು, ಗುಂಡು ಕೈ ಬಿಟ್ಟದ್ದು ಕೈಗೆ ಗೊತ್ತೇ ಆಗ್ಲಿಲ್ಲ, ಭಾರವೇ ಇರ್ಲಿಲ್ಲ. ಗೆರೆ ಎಳೆದಿದ್ರಲ್ಲ ಸುಣ್ಣದಲ್ಲಿ, 10 ಮೀಟರಿನ ಗೆರೆ, ಅದರಿಂದ ಆಚೆ ಧಪ್ ಅಂತ ಬಿತ್ತು, ಒದ್ದೆ ಕೆಂಪು ಮಣ್ಣಲ್ಲಿ ಬೋಗುಣಿ ಕವುಚಿ ಒತ್ತಿದ ಹಾಗೆ ಒಂದು ಗುಂಡಿ. ನಾನು ಖುಷಿಗೆ ಅದನ್ನು ನೋಡ್ಲಿಕ್ಕೆ ಓಡಿದೆ. ಎದುರಿಂದ. ಸರ್ಕಲ್ಲಿನ ಹಿಂದಿನ ಅರ್ಧದಿಂದ ಹೊರಗೆ ಬರಬೇಕು ಅಂತ ಮೂರು ವರ್ಷ ಬಾಯಿಪಾಠ ಮಾಡಿದವಳು ನಾನು. ಕೆಂಪು ಬಾವುಟ ಮೇಲೆ ಹೋಯ್ತು. ಟೇಪು ಹಿಡಿದವನು ಕೂತಿದ್ದವ ಎದ್ದ, ಒಬ್ಬ ಹುಡುಗ ಬಂದು ಚಪ್ಪಲಿ ಕಾಲಲ್ಲಿ ಆ ಗುಂಡಿ ಮುಚ್ಚಿದ.

ಉಳಿದ ಎರಡು ಎಸೆತದಲ್ಲಿ ಗೆದ್ದ ಸ್ಥಾನ ಎಷ್ಟನೆಯದ್ದು ಅಂತ ಬರೆಯುವುದಿಲ್ಲ. ಮಾಷ್ಟ್ರು ಬೈಯಲೂ ಇಲ್ಲ, ಸಮಾಧಾನವೂ ಹೇಳ್ಲಿಲ್ಲ. ಬರುವಾಗ ಒಂದು ಹೋಟೆಲಿಗೆ ಕರ್ಕೊಂಡು ಹೋಗಿ ಬನ್ಸ್ ಮತ್ತೆ ಚಾ ಹೇಳಿದ್ರು. ನಾನು ತಟ್ಟೆ ಮುಟ್ಟದೆ "ಅರ್ಧ ಆಗ್ಲಿಲ್ಲ ಅಲ್ವಾ ಸರ್" ಅಂದೆ.

"ಅಳತೆಯೇ ಮಾಡ್ಲಿಲ್ಲ, ಮತ್ತೆ ಅರ್ಧ ಆಗ್ಲಿಲ್ಲ ಅಂತ ಹೇಗೆ ಹೇಳ್ತಿ? ತಿನ್ನು."

ಆಮೇಲಿನ ಕಥೆ ದೊಡ್ಡದಿಲ್ಲ. ಉಡುಪಿಯಲ್ಲಿ ಕಾಲೇಜು, ಅಲ್ಲಿನ ಅಜ್ಜರಕಾಡು ಗ್ರೌಂಡಲ್ಲಿ ಪ್ರಾಕ್ಟೀಸು, ಇಂಟರ್‌ಕಾಲೇಜಲ್ಲಿ ಎರಡು ಸಲ ಮೂರನೇ ಸ್ಥಾನ, ಕಾಗದದ ಮೇಲೆ ನನ್ನ ಬೆಸ್ಟ್ 9.64. ಹೆಣ್ಣು ನೋಡ್ಲಿಕ್ಕೆ ಬಂದ ಒಂದು ಮನೆಯವರು ಫೋಟೋ ನೋಡುವಾಗ ಸರಿ ಇದ್ದವರು, ನಾನು ಚಾ ಹಿಡ್ಕೊಂಡು ಬಂದಾಗ ನನ್ನ ತೋಳನ್ನೇ ನೋಡಿ ಗಂಟಲು ಸರಿ ಮಾಡ್ಕೊಂಡ್ರು. ಅವರಿಗೆ ಒಳ್ಳೆಯದಾಗ್ಲಿ. ಒಟ್ಟಿಗೆ ಪ್ರಾಕ್ಟೀಸ್ ಮಾಡ್ತಿದ್ದ ಒಬ್ಬ ಅಕ್ಕನಿಗೆ ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಆಯ್ತು, ನನಗೆ 9.64ಕ್ಕೆ ಯಾರು ಕೊಡ್ತಾರೆ.

ಆದ್ರೆ ನೋಡುವುದು ಬಿಡ್ಲಿಲ್ಲ. ನಮ್ಮ ಕಡೆ ಓಟದವರಿಗೆ ಒಳ್ಳೆ ಹೆಸರು ಉಂಟು, ಸಿದ್ದಾಪುರದ ಅಶ್ವಿನಿ ಅಕ್ಕುಂಜಿ, ಮಂಗಳೂರಿನ ಪೂವಮ್ಮ, ಹೈಜಂಪಿನ ಸಹನಾ ಕುಮಾರಿ ಅಂದ್ರೆ ಎಲ್ಲರಿಗೂ ಗೊತ್ತು, ಗುಂಡಿನವರ ಹೆಸರು ಕೇಳಿ ನೋಡಿ, ಮುಖ ಮುಖ ನೋಡ್ತಾರೆ. ಟಿವಿಯವರೂ ಹಾಗೆಯೇ, ಓಟದ ಮಧ್ಯೆ ಪುರ್ಸೊತ್ತು ಸಿಕ್ಕಿದ್ರೆ ಅರ್ಧ ನಿಮಿಷ ಶಾಟ್‌ಪುಟ್. ಆ ಅರ್ಧರ್ಧ ನಿಮಿಷದಲ್ಲೇ ನಾನು ವ್ಯಾಲರಿ ಆಡಮ್ಸ್‌ಳ ಫ್ಯಾನ್ ಆದದ್ದು. ನ್ಯೂಜಿಲೆಂಡಿನವಳು, ಆರಡಿಗಿಂತ ಎತ್ತರ, ಅಮ್ಮ ಟೋಂಗಾದವರು, ಇವಳು ಸಣ್ಣ ಪ್ರಾಯದಲ್ಲಿರುವಾಗಲೇ ತೀರಿಕೊಂಡದ್ದು. 2008ರಲ್ಲಿ ಬೀಜಿಂಗಲ್ಲಿ ಚಿನ್ನ. 2010ರಲ್ಲಿ ದೆಹಲಿ ಕಾಮನ್‌ವೆಲ್ತಿಗೆ ಬಂದು ಗೆದ್ದು ಹೋದ್ಲು. 2012ರ ಲಂಡನ್ನಲ್ಲಿ ಮಾತ್ರ ಎರಡನೇ ಸ್ಥಾನ, ಬೆಳ್ಳಿ ಹಾಕ್ಕೊಂಡು ನಿಂತದ್ದು ನೋಡಿ ನನಗೆ ಬೇಜಾರಾಗಿತ್ತು. ಕೆಲವು ದಿನದಲ್ಲಿ ಗೊತ್ತಾಯ್ತು, ಗೆದ್ದ ಬೆಲಾರೂಸಿನ ಒಸ್ಟಾಪ್ಚುಕ್ ಡೋಪಿಂಗಲ್ಲಿ ಸಿಕ್ಕಿಬಿದ್ಲು ಅಂತ. ಚಿನ್ನ ಕೊಟ್ಟದ್ದು ಆಮೇಲೆ ಆಕ್ಲೆಂಡಲ್ಲಿ ಒಂದು ಸಮಾರಂಭ ಮಾಡಿ. ಅವಳದ್ದಾದ್ರೂ ಅಳತೆ ಆಗಿತ್ತು, ಅಲ್ವಾ, ಕಾಗದದಲ್ಲಿ ಇತ್ತು.

ಎರಡು ಮಕ್ಕಳಾದ ಮೇಲೆ ಟೋಕಿಯೋಗೂ ಬಂದ್ಲು, 2021ರಲ್ಲಿ, 36 ವರ್ಷ, 19.62 ಮೀಟರ್, ಕಂಚು. ಮಕ್ಕಳ ಫೋಟೋ ಎತ್ತಿ ತೋರಿಸಿದ್ಲು. ನಾನು ಒಲೆ ಮೇಲೆ ಬಂಗುಡೆ ಸಾರು ಇಟ್ಟು ಮರೆತದ್ದು ಅವತ್ತೇ. ನಮ್ಮವರ ಪೈಕಿ ಕಿರಣ್ ಬಾಲಿಯಾನ್ 2023ರ ಹಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ 17.36 ಹಾಕಿ ಕಂಚು ತಂದಾಗ ಕೂಡ ಮನೆಯಲ್ಲಿ ಕೂಗಿದವಳು ನಾನೊಬ್ಬಳೇ. ಅದಕ್ಕಿಂತ ಮೊದಲು ಹೆಂಗಸರ ಶಾಟ್‌ಪುಟ್ಟಲ್ಲಿ ಭಾರತಕ್ಕೆ ಏಷ್ಯನ್ ಗೇಮ್ಸ್ ಪದಕ ಬಂದದ್ದು 1951ರಲ್ಲಿ, ಬಾರ್ಬರಾ ವೆಬ್‌ಸ್ಟರ್ ಅಂತ, ಅಂದ್ರೆ 72 ವರ್ಷ ಮೊದಲು. 2024ರಲ್ಲಿ ಭುವನೇಶ್ವರದಲ್ಲಿ ಬಂಗಾಳದ ಆಭಾ ಖಟುವಾ 18.41 ಹಾಕಿ ನ್ಯಾಷನಲ್ ರೆಕಾರ್ಡ್ ಮಾಡಿದ್ಲು. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲು. ಕತ್ತರಿಸಿ ಇಟ್ಟಿದ್ದೇನೆ.

ಕಳೆದ ವರ್ಷ ಹಳೆ ವಿದ್ಯಾರ್ಥಿಗಳ ದಿನಕ್ಕೆ ಶಾಲೆಗೆ ಬಂದಿದ್ದೆ. ಭಾಷಣ ಶುರು ಆದ ಮೇಲೆ ಮೆಲ್ಲ ಎದ್ದು ಪ್ಯೂನ್ ಅಣ್ಣನ ಹತ್ರ ಸ್ಪೋರ್ಟ್ಸ್ ರೂಮಿನ ಕೀ ಕೇಳಿದೆ. ಬಾಗಿಲಿಗೆ ಹೊಸ ಪೇಂಟ್ ಆಗಿದೆ, 22.63 ಇಲ್ಲ. ಹೊಸ ಗುಂಡುಗಳು ಸ್ಟ್ಯಾಂಡಲ್ಲಿ ಸಾಲಾಗಿ ಉಂಟು, ಹಳೆಯದು ಮೂಲೆಯಲ್ಲಿ ಬಾಗಿಲಿಗೆ ಅಡ್ಡ ಇಡುವ ಕಲ್ಲಾಗಿತ್ತು. ನನ್ನದೇ ಅಂತ ಹೇಗೆ ಗೊತ್ತಾಯ್ತು ಅಂದ್ರೆ ಒಂದು ಕಡೆ ಸಣ್ಣ ತಗ್ಗು, ಮಾಷ್ಟ್ರ ಸ್ಕೂಟರಿನ ಸ್ಟ್ಯಾಂಡಿಗೆ ನಾನು ಹೊಡೆದದ್ದು. ಸೆರಗು ಸಿಕ್ಕಿಸಿ ಎತ್ತಿ ದವಡೆ ಕೆಳಗೆ ಇಟ್ಟೆ, ತಣ್ಣಗೆ, ಅದೇ ಕಬ್ಬಿಣದ ವಾಸನೆ. ಹಿಂದಿನ ಗ್ರೌಂಡಲ್ಲಿ ಒಂದೇ ಒಂದು ಸಲ ದೂಡಿದೆ. ಐದು ಮೀಟರ್ ಇರಬಹುದು, ಸೊಂಟ ಹಿಡಿದದ್ದು ವಾರ ಪೂರ್ತಿ. ಸರ್ಕಲ್ ಇಲ್ಲದಿದ್ರೂ ಹಿಂದಿನಿಂದಲೇ ಹೊರಗೆ ಬಂದೆ.

ಅಲ್ಲಿಂದ ಸೀದಾ ತವರಿಗೆ ಹೋದೆ. ಮಗಳು ಮೊದಲೇ ಬಂದು ಅಜ್ಜಿ ಹತ್ರ ಕೂತಿದ್ಲು, ನನ್ನನ್ನು ನೋಡಿದ ಕೂಡಲೇ "ಅಮ್ಮ, ಕುತ್ತಿಗೆಗೆ ಎಂಥ ಆಯ್ತು, ತಾಗಿತಾ?" ಅಂತ ಗಾಬರಿಯಲ್ಲಿ ಎದ್ಲು. ಅಮ್ಮ ಕನ್ನಡಕ ಏರಿಸಿ ಒಂದು ಸಲ ನೋಡಿದ್ಲು. ಎಂಥದೂ ಹೇಳ್ಲಿಲ್ಲ. ಗೋಡೆ ಹಿಡ್ಕೊಂಡು ಎದ್ದು, ತೆಂಗಿನ ನಾರು ತರ್ಲಿಕ್ಕೆ ಹಿತ್ತಿಲಿಗೆ ಹೋದ್ಲು.