ಬಿಡಿಎನ್‌ಎಫ್ ಜೀನ್‌ನಲ್ಲಿ ವ್ಯತ್ಯಾಸವಿದ್ದರೆ ಸ್ಕಿಜೋಫ್ರೇನಿಯಾ ಬರುತ್ತದೆಯೇ?

‘ಅಣ್ಣನಿಗೆ ಸ್ಕಿಜೋಫ್ರೇನಿಯಾ ಎಂಬ ಮನೋರೋಗ ಇದೆ, ನನ್ನ ಜೀನ್ ಪರೀಕ್ಷೆಯ ವರದಿಯಲ್ಲಿ ಬಿಡಿಎನ್‌ಎಫ್ ವ್ಯಾಲ್66ಮೆಟ್ ಎಂದು ಬರೆದಿದ್ದಾರೆ, ನನಗೂ ಬರುತ್ತದೆಯೇ?’ ತಳಿವಿಜ್ಞಾನ ಪಾಠ ಮಾಡುವವನೆಂಬ ಕಾರಣಕ್ಕೆ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯಿದು. ವರದಿಯ ಆ ಸಾಲನ್ನು ನೋಡಿ ಅಂಥ ಯಾವ ತೀರ್ಮಾನಕ್ಕೂ ಬರಲಾಗದು ಎಂಬುದೇ ನನ್ನ ಉತ್ತರ. ಆದರೆ ಕಾರಣ ತಿಳಿಯದೆ ಯಾರಿಗೂ ಸಮಾಧಾನವಾಗುವುದಿಲ್ಲ.

ಈವ್-ಅಲಾನ್ ಬಾರ್ಡ್ ಮತ್ತು ಹಾನ್ಸ್ ಥೋನೆನ್ ಅವರ ತಂಡ 1982ರಲ್ಲಿ ಹಂದಿಯ ಮಿದುಳಿನಿಂದ ಬೇರ್ಪಡಿಸಿದ ಬಿಡಿಎನ್‌ಎಫ್, ನರಕೋಶಗಳು ಬದುಕುಳಿಯಲು ಮತ್ತು ಅವುಗಳ ನಡುವಿನ ಸಂಪರ್ಕ ಬಲಗೊಳ್ಳಲು ನೆರವಾಗುವ ಪ್ರೋಟೀನು. 11ನೆಯ ಕ್ರೋಮೋಸೋಮಿನಲ್ಲಿರುವ ಅದರ ಜೀನ್‌ನ ಒಂದು ಕಡೆ ಜಿಟಿಜಿ ಎಂಬ ಡಿಎನ್‌ಎ ಅಕ್ಷರಗಳು ಎಟಿಜಿ ಆದರೆ, ಪ್ರೋಟೀನಿನ 66ನೆಯ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೋ ಆಮ್ಲದ ಬದಲು ಮೆಥಿಯೋನೀನ್ ಬಂದು ಕೂರುತ್ತದೆ; ವ್ಯಾಲ್66ಮೆಟ್ ಎಂದರೆ ಇದೇ. ಸ್ವಾರಸ್ಯವೆಂದರೆ, ಕೊನೆಗೆ ಕೆಲಸಕ್ಕೆ ಬರುವ ಪ್ರೋಟೀನಿನಲ್ಲಿ ಈ 66ನೆಯ ಸ್ಥಾನ ಉಳಿಯುವುದೇ ಇಲ್ಲ. ಅದು ಇರುವುದು ಮುಂದೆ ಕತ್ತರಿಸಿಹೋಗುವ ತುಣುಕಿನಲ್ಲಿ. ಪಾರ್ಸಲ್ಲಿನ ಮೇಲಿನ ವಿಳಾಸದ ಚೀಟಿಯಂತೆ ಆ ತುಣುಕು ಪ್ರೋಟೀನನ್ನು ಕೋಶದೊಳಗೆ ಸರಿಯಾದ ಕಡೆಗೆ ಸಾಗಿಸುತ್ತದೆ. ಮೆಥಿಯೋನೀನ್ ಇದ್ದಾಗ ಈ ಸಾಗಣೆ ಕುಂಟುತ್ತದೆ, ನರಕೋಶ ಚುರುಕಾದಾಗ ಹೊರಬೀಳಬೇಕಾದ ಬಿಡಿಎನ್‌ಎಫ್ ಕಡಿಮೆಯಾಗುತ್ತದೆ ಎಂದು 2003ರ ಒಂದು ಅಧ್ಯಯನ ತೋರಿಸಿತು. ನೆನಪಿನ ಶಕ್ತಿಯೊಂದಿಗೂ ಅದನ್ನು ಜೋಡಿಸಿತು.

ಇಷ್ಟಾದ ಮೇಲೆ ಈ ವ್ಯತ್ಯಾಸಕ್ಕೂ ಸ್ಕಿಜೋಫ್ರೇನಿಯಾಕ್ಕೂ ನಂಟಿರಬಹುದೆಂಬ ಅನುಮಾನ ಮೂಡಿದ್ದು ಸಹಜವೇ. ಆದರೆ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ನಂಟು ನಿಲ್ಲಲಿಲ್ಲ. ಮೆಥಿಯೋನೀನ್ ರೂಪವು ಯುರೋಪಿಯನ್ನರಿಗಿಂತ ಪೂರ್ವ ಏಷ್ಯಾದವರಲ್ಲಿ ಸುಮಾರು ಎರಡು ಪಟ್ಟು ಹೆಚ್ಚಾಗಿದ್ದರೂ ಅಲ್ಲಿ ಕಾಯಿಲೆಯೇನೂ ಇಮ್ಮಡಿಯಾಗಿಲ್ಲ. 2002ರಲ್ಲಿ ಐಸ್‌ಲ್ಯಾಂಡಿನಿಂದ ಭಾರೀ ಸದ್ದು ಮಾಡಿದ ನ್ಯೂರೆಗ್ಯುಲಿನ್-1 ಎಂಬ, ಕೋಶಗಳ ಬೆಳವಣಿಗೆಗೆ ನೆರವಾಗುವ ಇನ್ನೊಂದು ಪ್ರೋಟೀನಿನ ಜೀನ್ ಕೂಡ ಮುಂದಿನ ದೊಡ್ಡ ಅಧ್ಯಯನಗಳಲ್ಲಿ ನಿರೀಕ್ಷೆ ಉಳಿಸಿಕೊಳ್ಳಲಿಲ್ಲ. ಒಂದು ಜೀನ್ ಮಿದುಳಿಗೆ ಮುಖ್ಯವಾದದ್ದು ಎಂಬುದು ಒಂದು ಮಾತು, ಅದರ ಸಾಮಾನ್ಯ ವ್ಯತ್ಯಾಸವೇ ಕಾಯಿಲೆ ತರುತ್ತದೆ ಎಂಬುದು ಬೇರೆಯದೇ ಮಾತು. ವರದಿ ಮಾರುವವರು ಇವೆರಡನ್ನೂ ಬೆರೆಸಿಬಿಡುತ್ತಾರೆ ಎಂಬುದು ನನ್ನ ತಕರಾರು. 76,755 ರೋಗಿಗಳ ಮಾಹಿತಿಯನ್ನು ಒಳಗೊಂಡು 2022ರಲ್ಲಿ ಪ್ರಕಟವಾದ ಅಧ್ಯಯನವು ಜೀನೋಮಿನ 287 ಜಾಗಗಳನ್ನು ಗುರುತಿಸಿತು, ಅವುಗಳಲ್ಲಿನ ಸಾಮಾನ್ಯ ವ್ಯತ್ಯಾಸ ಒಂದೊಂದೂ ಅಪಾಯವನ್ನು ಅಲುಗಾಡಿಸುವುದು ಕೂದಲೆಳೆಯಷ್ಟು.

ಇದಕ್ಕೆ ಹೊರತಾದ ಅಪರೂಪದ ಸ್ಥಿತಿಗಳಿವೆ. 22ನೆಯ ಕ್ರೋಮೋಸೋಮಿನ ಒಂದು ತುಂಡೇ ಕಾಣೆಯಾಗಿರುವವರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ಇಂಥ ಮನೋರೋಗ ಕಾಣಿಸಿಕೊಳ್ಳುತ್ತದೆ; ಅವರಲ್ಲಿ ಅನೇಕರಿಗೆ ಹೃದಯದ ಅಥವಾ ಅಂಗುಳಿನ ದೋಷವೂ ಇರುತ್ತದೆ.

ಪ್ರಶ್ನೆ ಕೇಳಿದವರ ವಿಷಯದಲ್ಲಿ ಬಿಡಿಎನ್‌ಎಫ್‌ಗಿಂತ ಹೆಚ್ಚು ಹೇಳುವುದು ಅಣ್ಣನ ಕಾಯಿಲೆಯೇ. ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು 1 ಇರುವ ಸಂಭವ ಒಡಹುಟ್ಟಿದವರಲ್ಲಿ 10ರ ಆಸುಪಾಸಿಗೆ ಏರುತ್ತದೆ, ಅಂದರೆ ಹತ್ತರಲ್ಲಿ ಒಂಬತ್ತು ಮಂದಿಗೆ ಬರುವುದಿಲ್ಲ. ಅವರು ಗಾಂಜಾದಿಂದ ದೂರವಿರಲಿ, ಇಲ್ಲದ ದನಿಗಳು ಕೇಳಿಸತೊಡಗಿದರೆ ಅಥವಾ ಕಾರಣವಿಲ್ಲದ ಸಂಶಯಗಳು ಬಿಡದೆ ಕಾಡತೊಡಗಿದರೆ ತಡಮಾಡದೆ ಮನೋವೈದ್ಯರನ್ನು ಕಾಣಲಿ. ಆಗ ವೈದ್ಯರಿಗೆ ಅಣ್ಣನ ವಿಷಯ ಹೇಳಿದರೆ ಸಾಕು, ಆ ವರದಿಯನ್ನು ಒಯ್ಯಬೇಕಾಗಿಲ್ಲ.